ಚಿಪಿಂಗ್ ಕ್ಯಾಂಪ್ಡೆನ್‌ನ ದೊಡ್ಡ ಚರ್ಚ್

ನಮಸ್ಕಾರ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ಗುಡ್ಡಗಾಡಿನಲ್ಲಿರುವ ಚಿಪಿಂಗ್ ಕ್ಯಾಂಪ್ಡೆನ್‌ನಂಥ ಪುಟ್ಟ ಊರಿಗೆ ಅಷ್ಟು ದೊಡ್ಡ ಚರ್ಚ್ ಯಾಕೆ ಅಂತ ಕೇಳಿದ್ದೀರಿ. ಎಲ್ಲಾ ಉಣ್ಣೆಯ ದುಡ್ಡು! ಕಾಟ್ಸ್‌ವೋಲ್ಡ್ ಕುರಿಗಳ ಉಣ್ಣೆ ಮಧ್ಯಯುಗದಲ್ಲಿ ಯುರೋಪಿನ ಮಾರುಕಟ್ಟೆಗಳಿಗೆ ಹೋಗುತ್ತಿತ್ತು. 1401ರಲ್ಲಿ ತೀರಿಕೊಂಡ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವೆಲ್ ಮತ್ತು ಅವನ ಹೆಂಡತಿಯ ಹಿತ್ತಾಳೆ ಫಲಕ ಚರ್ಚಿನ ನೆಲದಲ್ಲಿದೆ. ಅವನ ಮನೆಯೂ ಹೈ ಸ್ಟ್ರೀಟಿನಲ್ಲಿ ಇನ್ನೂ ನಿಂತಿದೆ.

ಅದೇ ಬೀದಿಯಲ್ಲಿ 1627ರ ಮಾರ್ಕೆಟ್ ಹಾಲ್ ಇದೆ, ಅದನ್ನಂತೂ ಬಿಡಬೇಡಿ. ಸುತ್ತ ಕಲ್ಲಿನ ಕಮಾನು, ಒಳಗೆ ಕಾಲಿಟ್ಟರೆ ಸವೆದು ಏರುಪೇರಾದ ಕಲ್ಲಿನ ನೆಲ. ಬೆಣ್ಣೆ, ಚೀಸ್, ಕೋಳಿ ಮಾರುವವರು ಮಳೆಯಲ್ಲಿ ನೆನೆಯದಿರಲಿ ಅಂತ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ಶ್ರೀಮಂತ ವ್ಯಾಪಾರಿ ಕಟ್ಟಿಸಿದ್ದು. ನನಗೆ ಚರ್ಚಿಗಿಂತ ಇದೇ ಜಾಸ್ತಿ ಇಷ್ಟ.

ಸಮಯ ಸಿಕ್ಕರೆ ಪಕ್ಕದ ಬ್ರಾಡ್ ಕ್ಯಾಂಪ್ಡೆನ್‌ಗೂ ನಡೆದು ಹೋಗಿ. ಕಲಾ ವಿಮರ್ಶಕ ಆನಂದ ಕುಮಾರಸ್ವಾಮಿ ಅಲ್ಲಿ ವಾಸವಿದ್ದರು. ಹಳೆಯ ನಾರ್ಮನ್ ಚಾಪೆಲ್ ಅನ್ನು ಅವರಿಗಾಗಿ ಮನೆ ಮಾಡಿಕೊಟ್ಟವರು ವಾಸ್ತುಶಿಲ್ಪಿ ಆಶ್‌ಬಿ.