ಅಪ್ಪಯ್ಯನನ್ನು ಯಾರೂ ಕೇಳಿಲ್ಲ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 76 ವರ್ಷ. ತೀರ್ಥಹಳ್ಳಿ ಸಮೀಪದ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡು ಗಟ್ಟಿಮುಟ್ಟಾಗಿದ್ದವರಿಗೆ ಎರಡು ತಿಂಗಳ ಹಿಂದೆ ಕಾಮಾಲೆ ಕಾಣಿಸಿಕೊಂಡಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ಆಪರೇಷನ್ ಮಾಡುವಂತಿಲ್ಲ, ಕಿಮೋಥೆರಪಿಯನ್ನು ಅವರ ದೇಹ ತಾಳಲಾರದು ಎಂದು ವೈದ್ಯರು ಹೇಳಿದ್ದಾರೆ. ಅಮೆರಿಕದಲ್ಲಿರುವ ದೊಡ್ಡಣ್ಣ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿ, ಐಸಿಯು, ವೆಂಟಿಲೇಟರ್ ಏನು ಬೇಕಾದರೂ ಆಗಲಿ, ಖರ್ಚು ನನ್ನದು ಎನ್ನುತ್ತಾನೆ. ಮನೆಯಲ್ಲೇ ಇಟ್ಟುಕೊಂಡರೆ ಊರವರು ಏನೆಂದಾರು ಎಂಬುದು ಚಿಕ್ಕಪ್ಪನ ಚಿಂತೆ. ಕಾಯಿಲೆಯ ಹೆಸರು ಅಪ್ಪಯ್ಯನ ಕಿವಿಗೆ ಬೀಳಬಾರದೆಂದು ಅಮ್ಮ ನಮ್ಮೆಲ್ಲರಿಂದ ಆಣೆ ಮಾಡಿಸಿಕೊಂಡಿದ್ದಾರೆ. ಹಗಲು ರಾತ್ರಿ ನೋಡಿಕೊಳ್ಳುತ್ತಿರುವುದು ನಾನು ಮತ್ತು ಸಣ್ಣ ಅತ್ತಿಗೆ. ಆದರೆ ಕೊಟ್ಟ ಹೆಣ್ಣು ಇಂಥ ವಿಚಾರದಲ್ಲಿ ಬಾಯಿ ಹಾಕಬಾರದು ಎನ್ನುತ್ತಾರೆ. ಮೈ ತುರಿಕೆಯಿಂದ ಅಪ್ಪಯ್ಯನಿಗೆ ರಾತ್ರಿ ನಿದ್ದೆಯಿಲ್ಲ. ಮೊನ್ನೆ, "ಈ ಸಲದ ಕೊಯ್ಲು ನೋಡ್ತೀನೇನೇ?" ಎಂದು ಕೇಳಿದರು. ನಾನು ಮಾತು ಬದಲಿಸಿದೆ. ಏನು ಮಾಡುವುದು ಸರಿ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಅಣ್ಣ ಹೇಳಿದ್ದಿದೆ, ಚಿಕ್ಕಪ್ಪ ಹೇಳಿದ್ದಿದೆ, ಅಮ್ಮ ಹಾಕಿಸಿದ ಆಣೆಯಿದೆ, ಊರವರು ಇನ್ನೂ ಆಡದ ಮಾತೂ ಇದೆ. ಅಪ್ಪಯ್ಯನದು ಎಂದು ಇರುವುದು ಒಂದೇ ಒಂದು ಪ್ರಶ್ನೆ, ಅದಕ್ಕೂ ಉತ್ತರ ಸಿಕ್ಕಿಲ್ಲ. ಇದನ್ನು ಆಕ್ಷೇಪಿಸಲು ಹೇಳುತ್ತಿಲ್ಲ. ಇಂಥ ಕಾಯಿಲೆಯವರನ್ನು ನೋಡಿಕೊಳ್ಳುವ ವೈದ್ಯೆಯಾಗಿ ನಾನು ಕಂಡ ಬಹುಪಾಲು ಮನೆಗಳಲ್ಲಿ ಹೀಗೆಯೇ ಆಗಿದೆ. ಎಲ್ಲರೂ ಪ್ರೀತಿಯಿಂದಲೇ ಮಾತನಾಡುತ್ತಾರೆ, ಆದರೆ ಹಾಸಿಗೆಯಲ್ಲಿರುವವರ ಕೋಣೆಯ ಹೊರಗೆ ನಿಂತು ಮಾತನಾಡುತ್ತಾರೆ.

ಕೊಯ್ಲು ನೋಡುತ್ತೇನೆಯೇ ಎಂದು ಕೇಳಿದವರಿಗೆ ತಮ್ಮ ಮೈಯಲ್ಲಿ ಏನಾಗುತ್ತಿದೆಯೆಂಬ ಅಂದಾಜು ಇದ್ದೇ ಇದೆ. ಕಣ್ಣು ಹಳದಿಯಾಗಿರುವುದು, ಪಂಚೆ ಸಡಿಲವಾಗಿರುವುದು, ತಾನು ಒಳಗೆ ಬಂದೊಡನೆ ಮಾತು ನಿಲ್ಲುವುದು, ಇವೆಲ್ಲ ಅವರಿಗೆ ಕಾಣಿಸುತ್ತವೆ. ತಿಳಿದರೆ ಎದೆಗುಂದುತ್ತಾರೆಂಬ ನಿಮ್ಮ ಅಮ್ಮನ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐವತ್ತು ವರ್ಷ ಜೊತೆಗೆ ಬಾಳಿದವರ ಭಯವದು. ಆದರೆ ಮುಚ್ಚಿಟ್ಟ ಮನೆಯಲ್ಲಿ ರೋಗಿಗೆ ಒಂಟಿತನ ಹೆಚ್ಚುತ್ತದೆ. ಗದ್ದೆಯ ಗಡಿಯ ಬಗ್ಗೆ ಮಗನಿಗೆ ಹೇಳಬೇಕಾದದ್ದು, ಯಾರಿಗೋ ಕೊಡಬೇಕಾದ ಸಾಲ, ಹೆಂಡತಿಯ ಮುಂದಿನ ದಿನಗಳ ವ್ಯವಸ್ಥೆ ಇವೆಲ್ಲ ಒಳಗೇ ಉಳಿದುಬಿಡುತ್ತವೆ.

ಆಣೆ ಮುರಿಯಬೇಕಾಗಿಲ್ಲ. ಯಾರೂ ಹೋಗಿ "ನಿಮಗೆ ಕ್ಯಾನ್ಸರ್" ಎಂದು ಹೇಳುವುದು ಬೇಡ. ಮೊದಲು ಅಮ್ಮನನ್ನು ಬೇರೆಯಾಗಿ ಕೂರಿಸಿಕೊಂಡು, ಅಪ್ಪಯ್ಯ ತಾವಾಗಿಯೇ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ನಾವಾಗಿ ಹೇರುವುದಿಲ್ಲ ಎಂಬಷ್ಟಕ್ಕೆ ಒಪ್ಪಿಸಿ. ಆಮೇಲೆ ಅಪ್ಪಯ್ಯನ ಬಳಿ ಕುಳಿತು, "ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸ್ತದೆ, ಅಪ್ಪಯ್ಯ?" ಎಂದು ಕೇಳಿ, ಸುಮ್ಮನಿರಿ. ಕಷ್ಟವಾಗುವುದು ಆ ಸುಮ್ಮನಿರುವುದೇ. ಕೆಲವರು ಎಲ್ಲವನ್ನೂ ಹೇಳಿಬಿಡುತ್ತಾರೆ. ಇನ್ನು ಕೆಲವರು, "ಅದನ್ನೆಲ್ಲ ನೀವೇ ನೋಡಿಕೊಳ್ಳಿ, ನನ್ನನ್ನು ಮನೆಯಲ್ಲಿಡಿ ಸಾಕು" ಎನ್ನುತ್ತಾರೆ. ಎರಡನೆಯದೂ ಅವರ ತೀರ್ಮಾನವೇ. ತಮ್ಮ ಪರವಾಗಿ ಮಕ್ಕಳು ನಿರ್ಧರಿಸಲಿ ಎಂದು ಹಿರಿಯರು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಬೆಲೆಯಿದೆ. ಅವರು ಹೇಳುವ ಮೊದಲೇ ನಾವು ಹಾಗೆಂದುಕೊಳ್ಳುವುದಕ್ಕೆ ಇಲ್ಲ.

ಈಗ ಚಿಕಿತ್ಸೆಯ ಮಾತು. "ಆಸ್ಪತ್ರೆಗೆ ಸೇರಿಸಬೇಕೋ, ಮನೆಯಲ್ಲಿ ಸುಮ್ಮನೆ ಬಿಡಬೇಕೋ" ಎಂದು ನಿಮ್ಮ ಮನೆಯಲ್ಲಿ ಚರ್ಚೆ ನಡೆಯುತ್ತಿರುವಂತಿದೆ. ಮನೆಯಲ್ಲಿರುವುದೆಂದರೆ ಸುಮ್ಮನೆ ಬಿಡುವುದಲ್ಲ. ಗಡ್ಡೆಯು ಪಿತ್ತನಾಳವನ್ನು ಒತ್ತುವುದರಿಂದ ಪಿತ್ತ ರಕ್ತದಲ್ಲಿ ಸೇರಿ ಈ ತುರಿಕೆ ಬರುತ್ತದೆ. ಹಲವರಲ್ಲಿ ಎಂಡೋಸ್ಕೋಪಿಯ ಮೂಲಕ ನಾಳದೊಳಗೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಕೂರಿಸಿದರೆ ಕೆಲವೇ ದಿನಗಳಲ್ಲಿ ತುರಿಕೆ ಇಳಿದು ನಿದ್ದೆ ಬರುತ್ತದೆ. ಇದು ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ, ಆದರೆ ಅಪ್ಪಯ್ಯನ ರಾತ್ರಿಗಳನ್ನು ಅವರಿಗೆ ಮರಳಿಸಬಲ್ಲದು. ಅವರಿಗೆ ಇದು ಸಾಧ್ಯವೇ ಎಂದು ಈ ವಾರವೇ ವೈದ್ಯರನ್ನು ಕೇಳಿ. ಹೊಟ್ಟೆ, ಬೆನ್ನಿನ ನೋವು ಹೆಚ್ಚಾದರೆ ಮಾರ್ಫಿನ್ ಮಾತ್ರೆಯಿದೆ. ವೈದ್ಯರ ನಿಗಾದಲ್ಲಿ ಕೊಟ್ಟರೆ ಅದು ಚಟವಾಗುವುದು ತೀರ ಅಪರೂಪ, ಸಾವನ್ನು ಹತ್ತಿರಕ್ಕೆ ತರುವುದೂ ಇಲ್ಲ. ಅದರಿಂದಾಗುವ ಮಲಬದ್ಧತೆಗೆ ಮಾತ್ರ ಮೊದಲ ದಿನದಿಂದಲೇ ಔಷಧಿ ಬೇಕು. ಅಮ್ಮ ಮಾಡಿಸುವ ಜಪ, ಹೊತ್ತಿರುವ ಹರಕೆ ಇವುಗಳ ಜೊತೆಜೊತೆಗೇ ನಡೆಯಲಿ. ನಾಟಿ ಕಷಾಯ ಕೊಡುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ; ಸೋತಿರುವ ಯಕೃತ್ತಿಗೆ ಅದು ಹೊರೆಯಾಗಬಹುದು.

ಐಸಿಯು ಬಗ್ಗೆ ನೇರವಾಗಿ ಹೇಳುತ್ತೇನೆ. ಗುಣವಾಗಬಲ್ಲ ನ್ಯುಮೋನಿಯ, ಹಾವಿನ ಕಡಿತ, ಅಪಘಾತ ಇವುಗಳಲ್ಲಿ ವೆಂಟಿಲೇಟರ್ ಜೀವ ಉಳಿಸುತ್ತದೆ. ಹರಡಿದ ಕ್ಯಾನ್ಸರಿನ ಕೊನೆಯ ಹಂತದಲ್ಲಿ ಅದು ಉಸಿರನ್ನು ನಡೆಸುತ್ತದೆಯೇ ಹೊರತು ಕಾಯಿಲೆಯನ್ನು ಹಿಂದಕ್ಕೆ ಸರಿಸುವುದಿಲ್ಲ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಇಂಥದೇ ಕಾಯಿಲೆಯ ಹಿರಿಯರೊಬ್ಬರಿದ್ದರು. ಗಂಟಲಿನ ಕೊಳವೆ ಕೀಳುತ್ತಾರೆಂದು ಅವರ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿತ್ತು. ಒಳಗೆ ಬಂದ ಹೆಂಡತಿ ಬೇರೇನೂ ಮಾಡಲು ತೋಚದೆ, ಸೆರಗಿನಿಂದ ಆ ಗಂಟಿನ ಕೆಳಗೆ ಬಾವು ಬಂದಿದ್ದ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಭೇಟಿಯ ಸಮಯ ಮುಗಿದು ಅವರು ಹೊರಗೆ ಹೋದ ಮೇಲೆ, ಆ ರಾತ್ರಿ ಹಿರಿಯರು ತೀರಿಕೊಂಡರು. ಮಕ್ಕಳು ಏನನ್ನೂ ಕಡಿಮೆ ಮಾಡಿರಲಿಲ್ಲ. "ಅನಾಯಾಸ ಮರಣ ಕೊಡಪ್ಪ" ಎಂದು ದಿನವೂ ಕೈಮುಗಿಯುವ ಹಿರಿಯರಿರುವ ನಾಡಿನಲ್ಲಿ, ಆ ಕೋರಿಕೆ ದೇವರಿಗಷ್ಟೇ ಅಲ್ಲ, ನಮಗೂ ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಕಾನೂನು ಇಲ್ಲಿ ಅಡ್ಡಿಯಾಗಿಲ್ಲ. ತಿಳಿವಳಿಕೆ ಸರಿಯಾಗಿರುವ ವಯಸ್ಕರು ತಮಗೆ ಬೇಡವಾದ ಚಿಕಿತ್ಸೆಯನ್ನು ನಿರಾಕರಿಸಬಹುದು. ಮುಂದೆ ಮಾತು ನಿಂತಾಗ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿತು. ಅದರ ವಿಧಾನ ತೊಡಕಾಗಿದ್ದುದರಿಂದ 2023ರ ಜನವರಿಯಲ್ಲಿ ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತನಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಈಗಲೂ ಅಪರಾಧವೇ. ಹಿರಿಮಗನ ಮಾತಿಗೆ ಹೆಚ್ಚು ತೂಕ, ಮದುವೆಯಾದ ಮಗಳ ಮಾತಿಗೆ ಕಡಿಮೆ ತೂಕ ಎಂದು ಆ ತೀರ್ಪಿನಲ್ಲಿ ಎಲ್ಲೂ ಇಲ್ಲ. ಅಪ್ಪಯ್ಯ ನಿಮ್ಮ ಹೆಸರನ್ನೋ ಅತ್ತಿಗೆಯ ಹೆಸರನ್ನೋ ಬರೆದರೆ ಅದು ನಿಲ್ಲುತ್ತದೆ. ರಾತ್ರಿ ಅವರ ಬೆನ್ನಿಗೆ ಎಣ್ಣೆ ಸವರುವವರಿಗೆ ಅವರ ನೋವಿನ ಬಗ್ಗೆ ಹೇಳುವ ಅಧಿಕಾರ ಬೇರೆ ಯಾರೂ ಕೊಡಬೇಕಾದದ್ದಲ್ಲ.

ಊರವರ ಮಾತಿಗೆ ನಿಮ್ಮ ಚಿಕ್ಕಪ್ಪ ಅಂಜುವುದು ಸಹಜ, ಏಕೆಂದರೆ ಆ ಮಾತನ್ನು ಅಲ್ಲೇ ಇದ್ದು ಕೇಳಬೇಕಾದವರು ಅವರು. "ಅಣ್ಣ ಮನೆಯಲ್ಲೇ ಇರುತ್ತೇನೆ ಎಂದ, ಡಾಕ್ಟರೂ ಒಪ್ಪಿದ್ದಾರೆ" ಎಂದು ಹೇಳಲು ಅವರಿಗೆ ಸಾಧ್ಯವಾದರೆ ಅರ್ಧ ಭಯ ಹೋಗುತ್ತದೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ನೋವು ಮನೆಯಲ್ಲಿ ಹತೋಟಿಗೆ ಬಾರದಿದ್ದರೆ ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ಗುಣಪಡಿಸುವ ಚಿಕಿತ್ಸೆ ಮುಗಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಿದ್ದಾರೆ. ಕೊನೆಯ ದಿನಗಳಲ್ಲಿ ಊಟ ತಾನಾಗಿ ಇಳಿಯುತ್ತದೆ. ಉಣ್ಣದೆ ಸಾಯುತ್ತಿದ್ದಾರೆಂದು ಅಮ್ಮನಿಗೆ ಅನ್ನಿಸುತ್ತದೆ, ನಿಜದಲ್ಲಿ ದೇಹಕ್ಕೆ ಅನ್ನ ಬೇಡವಾಗಿರುತ್ತದೆ. ಬಲವಂತವಾಗಿ ತುತ್ತು ಇಡಬೇಡಿ. ನನ್ನ ಅಜ್ಜಿ ಕೊನೆಯ ವಾರದಲ್ಲಿ ಕೇಳಿದ್ದು ಮಿಡಿ ಉಪ್ಪಿನಕಾಯಿಯ ರಸವನ್ನು ಮಾತ್ರ. ನಾಲಿಗೆಗೆ ಬೆರಳಿನಿಂದ ಹಚ್ಚಿದಾಗ ಕಣ್ಣು ಮುಚ್ಚಿಕೊಂಡೇ ಚಪ್ಪರಿಸಿದರು.

ಇನ್ನು ನಿಮ್ಮ ಅಣ್ಣ. ದೂರದಲ್ಲಿರುವ ಮಗನಿಗೆ ಹಣ ಕಳುಹಿಸುವುದೊಂದೇ ಸೇವೆಯಾಗಿ ಉಳಿದಿರುವಾಗ, ಅದೂ ಬೇಡವೆಂದರೆ ಅವರಿಗೆ ನಿಲ್ಲಲು ನೆಲವೇ ಇರುವುದಿಲ್ಲ. ನೀವು ವಾದಿಸಬೇಡಿ. ಇಲ್ಲಿಯ ಸಂಜೆಯ ಹೊತ್ತಿಗೆ ವಿಡಿಯೋ ಕರೆಯಲ್ಲಿ ವೈದ್ಯರೇ ಅವರೊಂದಿಗೆ ಮಾತನಾಡಲಿ. ಆಮೇಲೆ ಐಸಿಯುಗೆ ಎತ್ತಿಟ್ಟ ಹಣದಲ್ಲಿ ಮೊದಲು ಟಿಕೆಟ್ ತೆಗೆಯಲು ಹೇಳಿ. ಸುದ್ದಿ ಬಂದ ಮೇಲೆ ಹೊರಡುವುದಲ್ಲ, ಈ ತಿಂಗಳೇ, ಅಪ್ಪಯ್ಯ ಜಗಲಿಗೆ ಎದ್ದು ಬಂದು ಕುಳಿತು ಮಾತನಾಡುವಷ್ಟು ಶಕ್ತಿಯಿರುವಾಗಲೇ ಬರಲಿ.