ಫೈಬರ್ ದೋಟಿಯಲ್ಲಿ ಮದ್ದು ಹೊಡೆಯುವವನು ದೋಟಿಯನ್ನೂ ಮಾರಬಹುದೇ?

ತೋಟದವರಿಗೆ ಮಾರಬೇಡಿ. ಯಾಕೆ ಅಂತ ಹೇಳುತ್ತೇನೆ.

ಫೈಬರ್ ದೋಟಿ, ಅಂದರೆ ಒಂದರೊಳಗೊಂದು ಕೂರುವ ಕಾರ್ಬನ್ ಫೈಬರ್ ಕೊಳವೆಗಳ ಉದ್ದನೆ ಕೋಲು, ಹಿಡಿದು ಅಡಿಕೆಗೆ ಮದ್ದು ಹೊಡೆಯೋದು, ಕೊನೆ (ಅಡಿಕೆ ಗೊಂಚಲು) ತೆಗೆಯೋದು ನಿಮ್ಮ ಕೆಲಸ. ಈಗ ದೋಟಿ ಮಾಡುವ ಕಂಪನಿಯವರು ಡೀಲರ್ ಆಗಿ ಅಂತಿದ್ದಾರೆ. ಕಮಿಷನ್ ಚೆನ್ನಾಗಿದೆ, ಕೆಲಸ ಇಲ್ಲದ ದಿನಗಳಿಗೆ ಆಧಾರ ಆಗುತ್ತೆ ಅಂತ ಬರೆದಿದ್ದೀರಿ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ಇದೇ ಕೆಲಸ ಮಾಡ್ತಾ ಇದೇ ಲೆಕ್ಕ ಹಾಕಿ ಡೀಲರ್ ಆದವನು.

ಮೊದಮೊದಲು ಮಾರಾಟಕ್ಕೆ ಕಷ್ಟವೇ ಇರಲಿಲ್ಲ. ನಮ್ಮ ಕಡೆ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡೋರು, ಸಿಗೋದು ಕಡಿಮೆಯಾಗಿದೆ. ಮಳೆಯಲ್ಲಿ ಜಾರುವ ಮರ ಹತ್ತೋಕೆ ಹುಡುಗರು ಬರೋದಿಲ್ಲ. ನೆಲದ ಮೇಲೆ ನಿಂತೇ ಅರವತ್ತು ಅಡಿ ಎತ್ತರದ ಕೊನೆಗೆ ಮದ್ದು ಮುಟ್ಟಿಸುವುದನ್ನು ಕಣ್ಣಾರೆ ಕಂಡವರು ತಾವೇ ಬೆಲೆ ಕೇಳುತ್ತಿದ್ದರು. ನಾನು ಮದ್ದು ಹೊಡೆಯುತ್ತಿದ್ದ ಮನೆಯವರೇ ನನ್ನ ಮೊದಲ ಗಿರಾಕಿಗಳು.

ಆದರೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು. 'ಇಷ್ಟು ದುಡ್ಡು ಹಾಕ್ತೀವಿ, ಮುರಿದ್ರೆ?' ಕಂಪನಿಯ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಯಾರಿಕೆಯ ದೋಷ ಇದ್ದರೆ ಮಾತ್ರ ಬದಲಿಸಿ ಕೊಡುತ್ತಾರೆ, ಬಳಸುವಾಗ ಮುರಿದರೆ ಇಲ್ಲ. ನಾನು ಆ ಕಾಗದ ತೋರಿಸಬೇಕಿತ್ತು. ಅದು ಬಿಟ್ಟು, 'ಏನೇ ಆದ್ರೂ ನಾನಿದ್ದೀನಲ್ಲ ಹೆಗಡೇರೇ' ಅಂದೆ. ನನ್ನನ್ನು ಮುಳುಗಿಸಿದ್ದು ಆ ಒಂದು ಮಾತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹಾಗೆ ಅಂದಿದ್ದು ಮಾರಾಟಕ್ಕಾಗಿ ಬಿಟ್ಟ ಮಾತಲ್ಲ. ನನ್ನ ಕೈಯಲ್ಲಿ ದೋಟಿ ಮುರಿದೇ ಇರಲಿಲ್ಲ. ಹಾಗಾಗಿ ಯಾರ ಕೈಯಲ್ಲೂ ಮುರಿಯೋದಿಲ್ಲ ಅಂದುಕೊಂಡಿದ್ದೆ. ನಿಮಗೂ ಹೀಗೇ ಅನಿಸುತ್ತೆ, ಯಾಕಂದ್ರೆ ನೀವೂ ದಿನಾ ಅದನ್ನೇ ಹಿಡಿಯೋರು. ದೋಟಿಯನ್ನು ನಿಲ್ಲಿಸಿಕೊಂಡೇ ಮೇಲಿನ ಸಣ್ಣ ಕೊಳವೆಯಿಂದ ಒಂದೊಂದಾಗಿ ಎಳೆದು ಕ್ಲಾಂಪ್ ಬಿಗಿಯಬೇಕು. ಇಳಿಸುವಾಗ ಕೆಳಗಿನ ಕ್ಲಾಂಪ್ ಸಡಿಲಿಸಿ, ಮೇಲಿನ ಕೊಳವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಧಾನಕ್ಕೆ ಒಳಗೆ ಬಿಡಬೇಕು. ಕೈ ಬಿಟ್ಟರೆ ಅದು ದಡಕ್ಕನೆ ಕೂತು ಕೊಳವೆಯ ಬಾಯಿ ಸೀಳುತ್ತೆ. ಪೂರ್ತಿ ಎಳೆದ ದೋಟಿಯನ್ನು ಅಡ್ಡ ಮಲಗಿಸಲೇಬಾರದು. ಮರದಿಂದ ಮರಕ್ಕೆ ನೆಟ್ಟಗೆ ಹಿಡಿದೇ ನಡೆಯಬೇಕು. ಸಂಜೆ ಒಂದೊಂದು ಕೊಳವೆಯನ್ನೂ ಒಳ್ಳೆ ನೀರಲ್ಲಿ ತೊಳೆದು ಒರೆಸಬೇಕು, ಇಲ್ಲದಿದ್ದರೆ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಕಲಸಿದ ಮದ್ದು) ಸುಣ್ಣ ಸಂದಿಯಲ್ಲಿ ಒಣಗಿ ಕೂರುತ್ತೆ. ಮಾರನೇ ದಿನ ಕೊಳವೆ ಅಲ್ಲಾಡಲ್ಲ. ಆಗ ಜನ ತಿರುಚುತ್ತಾರೆ, ಗುದ್ದುತ್ತಾರೆ. ಇದೆಲ್ಲ ನಮಗೆ ಕೈಗೆ ಬಂದ ಅಭ್ಯಾಸ. ಗಿರಾಕಿಗೆ ಒಂದು ಮಧ್ಯಾಹ್ನ ತೋರಿಸಿಬಿಟ್ಟರೆ ಬರುತ್ತೆ ಅಂತ ನಾನು ನಂಬಿದ್ದೇ ತಪ್ಪು. ದೋಟಿ ಮಾರಬಹುದು, ಈ ಅಭ್ಯಾಸ ಮಾರೋಕಾಗಲ್ಲ.

ಇನ್ನು ಮುರಿಯೋದು ಯಾವಾಗ? ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮುಂಗಾರು ಹಿಡಿಯುವ ಹೊತ್ತಿಗೆ ಆಗಬೇಕು. ಎರಡನೆಯದು ಅದಾಗಿ 40-45 ದಿನಕ್ಕೆ. ಅಂದರೆ ಜುಲೈ, ಮಳೆ ಅಬ್ಬರಿಸುವ ಕಾಲ. ಮಳೆ ಹೊಳವಾದ, ಅಂದರೆ ಬಿಡುವು ಕೊಟ್ಟ, ಅರ್ಧ ದಿನ ಸಿಕ್ಕರೆ ಅದರಲ್ಲೇ ಹೊಡೆದು ಮುಗಿಸಬೇಕು. ಆ ಅರ್ಧ ದಿನ ನಿಮಗೂ ಬೇಕು, ನಿಮ್ಮಿಂದ ದೋಟಿ ಕೊಂಡವರಿಗೂ ಬೇಕು. ನೀವು ಮದ್ದು ಹೊಡೆಯಲೇಬೇಕಾದ ದಿನವೇ ಅವರ ಫೋನೂ ಬರುತ್ತೆ. ಡೀಲರ್ ಆಗೋಕೆ ಮುಂಚೆ ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಅಂಥದ್ದೇ ಒಂದು ಹೊಳವಿನ ಬೆಳಿಗ್ಗೆ ಒಬ್ಬರ ಫೋನು ಬಂತು. ಹೋಗಿ ನೋಡಿದರೆ ಪೂರ್ತಿ ಎಳೆದ ದೋಟಿಯನ್ನು ಬಸಿಗಾಲುವೆ ದಾಟಿಸುವಾಗ ಓರೆ ಮಾಡಿದ್ದಾರೆ, ಮಧ್ಯದ ಗಂಟಿನಲ್ಲಿ ಕಬ್ಬಿನ ಹಾಗೆ ಸಿಗಿದು ಹೋಗಿದೆ. ಡ್ರಮ್ಮಿನಲ್ಲಿ ಮದ್ದು ಕಲಸಿಟ್ಟಾಗಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿದ ಮೇಲೆ ಅದನ್ನು ಅವತ್ತೇ ಹೊಡೆಯಬೇಕು, ಇಟ್ಟರೆ ಕೆಡುತ್ತೆ. ಅವರು ಜಗಳವಾಡಲಿಲ್ಲ. 'ನಾನಿದ್ದೀನಿ ಅಂದಿದ್ಯಲ್ಲ ಮಾರಾಯ' ಅಂದರು, ಅಷ್ಟೇ. ನಾನು ನನ್ನ ದೋಟಿಯನ್ನೇ ಕೊಟ್ಟು ಬಂದೆ. ನನ್ನ ಜೊತೆಯ ಹುಡುಗರು ಪಂಪಿನ ಪಕ್ಕ ಕೂತರು. ನಾವು ಹೋಗಬೇಕಿದ್ದ ತೋಟಗಳಿಗೆ ಅವತ್ತು ಹೋಗಲಾಗಲಿಲ್ಲ. ಆಮೇಲೆ ವಾರಗಟ್ಟಲೆ ಬಿಡದ ಮಳೆ. ಒಂದು ತೋಟದಲ್ಲಿ ಕೊಳೆ ಹತ್ತಿ ಹಸಿರು ಕಾಯಿ ಮರದ ಬುಡದಲ್ಲಿ ಹಾಸಿಕೊಂಡಿದ್ದನ್ನು ನಾನೇ ನೋಡಿದೆ. ಆ ಮನೆಯವರು ಮುಂದಿನ ವರ್ಷ ಬೇರೆಯವರನ್ನು ಕರೆದರು. ಅವರದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ.

ಮುರಿದ ಕೊಳವೆಗಳನ್ನು ಕೈಯಿಂದ ದುಡ್ಡು ಹಾಕಿ ಬದಲಿಸಿ ಕೊಟ್ಟೆ. ಕಂಪನಿ ಕೊಡಲಿಲ್ಲ, ಕಾಗದದ ಪ್ರಕಾರ ಅವರು ಕೊಡಬೇಕಾಗಿಯೂ ಇರಲಿಲ್ಲ. ಕಮಿಷನ್ನಿನಲ್ಲಿ ಬಂದಿದ್ದೆಲ್ಲ ಅಲ್ಲಿಗೇ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಕೆಲಸ ಇಲ್ಲದ ದಿನಗಳಿಗೆ ಮಾರಾಟ ಆಧಾರ ಅಂದಿರಿ. ಅದು ಹಾಗಲ್ಲ. ಬೇಸಿಗೆಯಲ್ಲಿ ಯಾರೂ ಸುಮ್ನೆ ದೋಟಿ ಕೊಳ್ಳಲ್ಲ. ಮೇ ಕೊನೆಯಲ್ಲಿ ಮೋಡ ಕಂಡ ಮೇಲೆ ಎಲ್ಲರೂ ಒಟ್ಟಿಗೆ ಬರ್ತಾರೆ. ಜೊತೆಗೆ ಸಾಲ. ಪರಿಚಯದವರು ಅಲ್ವಾ, 'ಅಡಿಕೆ ಮಾರಿದ ಮೇಲೆ ಕೊಡ್ತೀನಿ' ಅಂತಾರೆ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕೋ ಹೊತ್ತಿಗೆ ಸಂಕ್ರಾಂತಿ ಕಳೆದಿರುತ್ತೆ. ನೀವು ಕಂಪನಿಗೆ ಮುಂಗಡ ಕಟ್ಟಿರುತ್ತೀರಿ. ಅಂದರೆ ಕೈ ಬರಿದಾದ ಕಾಲಕ್ಕೆ ಆಧಾರ ಆಗೋ ಬದಲು, ಕೈಲಿದ್ದ ದುಡ್ಡನ್ನೂ ಅದು ಹಿಡಿದಿಟ್ಟುಕೊಳ್ಳುತ್ತೆ.

ಇನ್ನೊಂದು ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಲ್ಲ. ಮೊದಲು ಯಾರಾದರೂ 'ನಮ್ಮ ತೋಟಕ್ಕೆ ದೋಟಿ ಆಗುತ್ತಾ?' ಅಂತ ಕೇಳಿದರೆ ನನ್ನ ಮಾತಿಗೆ ತೂಕ ಇತ್ತು. ಒತ್ತಾಗಿ ನೆಟ್ಟ ಹಳೇ ತೋಟ, ಮರ ಅರವತ್ತು ಅಡಿ ದಾಟಿದೆ, ನೆಲ ಇಳಿಜಾರು ಅಂತಾದರೆ 'ಬೇಡ, ಮರ ಹತ್ತೋರನ್ನೇ ನೋಡಿ' ಅಂತಿದ್ದೆ. ಮಾರೋಕೆ ಶುರು ಮಾಡಿದ ಮೇಲೆ ನಾನು 'ಆಗುತ್ತೆ' ಅಂದರೆ ಮುಖ ನೋಡುತ್ತಿದ್ದರು.

ಇಷ್ಟೆಲ್ಲ ಓದಿಯೂ ಮಾರಲೇಬೇಕು ಅನಿಸಿದರೆ, ಕರೆಂಟಿನ ವಿಷಯ ಮರೆಯಬೇಡಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತೆ. 'ಫೈಬರ್' ಅಂದ ಕೂಡಲೇ ಜನ ಪ್ಲಾಸ್ಟಿಕ್ ಅಂದುಕೊಂಡು ಧೈರ್ಯ ಮಾಡುತ್ತಾರೆ. ತೋಟದ ಮೇಲೆ, ಅಂಚಿನಲ್ಲಿ ಎಲ್ಲಿ ತಂತಿ ಇದ್ದರೂ ದೋಟಿಯ ಪೂರ್ತಿ ಉದ್ದಕ್ಕಿಂತ ದೂರ ಇರಬೇಕು. ಕೈಯಿಂದ ಜಾರಿ ಬಿದ್ದರೂ ತಂತಿ ಮುಟ್ಟಬಾರದು. ನಾನು ಕೊಂಡವರ ಜೊತೆ ತೋಟದ ಸುತ್ತ ನಡೆದು, ಪ್ರತಿ ತಂತಿಯನ್ನೂ ಬೆರಳಿಟ್ಟು ತೋರಿಸುತ್ತಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾರಿದವನಿಗೂ ಹೊಣೆ ಇದೆ. ಅಪಾಯದ ಬಗ್ಗೆ ತಯಾರಕರು ಕೊಟ್ಟ ಎಚ್ಚರಿಕೆಯನ್ನು ಮಾರಿದವನು ಗಿರಾಕಿಗೆ ಮುಟ್ಟಿಸದೆ, ಅದರಿಂದಲೇ ಹಾನಿಯಾದರೆ ಅವನನ್ನೂ ಕೇಳಬಹುದು. ಕಂಪನಿಯ ಗ್ಯಾರಂಟಿ ಮೀರಿ ತಾನಾಗಿ ಭರವಸೆ ಕೊಟ್ಟು, ಸಾಮಾನು ಅದರಂತೆ ಇಲ್ಲದೆ ಯಾರಿಗಾದರೂ ಪೆಟ್ಟಾದರೂ ಅಷ್ಟೇ. ಹಾಗಾಗಿ ಎಚ್ಚರಿಕೆ ಕಾಗದ ಕನ್ನಡದಲ್ಲಿ ಇರಲಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ನಾನೀಗ ಮಾಡೋದು ಇಷ್ಟು. ದೋಟಿ ಬೇಕು ಅಂದವರಿಗೆ ಕಂಪನಿಯ ನಂಬರ್ ಕೊಡ್ತೀನಿ. ಬಿಲ್ಲು ನೇರವಾಗಿ ಅವರ ಹೆಸರಿಗೇ ಬರುತ್ತೆ. ಕಲಿಸೋಕೆ ಹೋಗ್ತೀನಿ, ಅದಕ್ಕೆ ಬೇರೆ ಕೂಲಿ ತಗೋತೀನಿ. ಒಣ ದಿನಗಳಲ್ಲಿ ಬರೀ ನೀರು ಹಾಕಿ ಹೊಡೆಸಿ, ಅವರ ಕೈ ಪಳಗೋ ತನಕ ನಿಲ್ತೀನಿ. ಕ್ಲಾಂಪು, ನಾಝಲ್, ಪೈಪು, ಕತ್ತಿ ಮಾತ್ರ ಮನೇಲಿ ಇಟ್ಟು ನಗದಿಗೆ ಮಾರ್ತೀನಿ. ಸವೆಯೋ ಸಾಮಾನು ಅವು. ಕೊಳ್ಳೋರಿಗೂ ಗೊತ್ತು, ಮುರಿದರೆ ನನ್ನನ್ನು ಕೇಳಲ್ಲ. ಇಡೀ ದೋಟಿ ಕೊಡಿಸೋದು ನಮ್ಮಂತೆ ಇದೇ ಕೆಲಸದಲ್ಲಿರೋ ಹುಡುಗರಿಗೆ ಮಾತ್ರ. ಮುರಿಯೋದು ಹೇಗೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ.

ಕೆಲಸ ಇಲ್ಲದ ದಿನಗಳ ಚಿಂತೆ ನಿಜವಾದದ್ದೇ. ಅದಕ್ಕೆ ಕೊನೆ ತೆಗೆಯೋ ಕೆಲಸ ಜಾಸ್ತಿ ಹಿಡೀರಿ, ಕೆಳಗೆ ಬಲೆ ಹಿಡಿಯೋಕೆ ಇಬ್ಬರನ್ನು ತಯಾರು ಮಾಡಿ. ಅಲ್ಲಿ ಮಳೆಯ ಅವಸರ ಇಲ್ಲ. ಕಂಪನಿಯವರು ಮುಂಗಡ ಕಟ್ಟೋಕೆ ಅವಸರ ಮಾಡ್ತಿದ್ದಾರೆ ಅಂದಿರಲ್ಲ, ಅವರನ್ನು ಒಂದು ಪ್ರಶ್ನೆ ಕೇಳಿ. ಜುಲೈಯಲ್ಲಿ ಕೊಳವೆ ಮುರಿದರೆ ಬದಲಿ ಕೊಳವೆ ಎಷ್ಟು ದಿನದಲ್ಲಿ ನಮ್ಮೂರಿಗೆ ಬರುತ್ತೆ, ಅದರ ಬೆಲೆ ಯಾರು ಕೊಡ್ತಾರೆ? ಬಾಯಿ ಮಾತು ಬೇಡ, ಬರೆದು ಕೊಡೋಕೆ ಹೇಳಿ. ಅವರ ಉತ್ತರ ಬಂದ ಮೇಲೆ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳ್ತೀನಿ.