ಸ್ವಿಚ್‌ಗಳಲ್ಲಿ ಒಎಸ್‌ಪಿಎಫ್ ಆಟೊಮೇಷನ್: ಪ್ಲೇಬುಕ್‌ಗಿಂತ ಮೊದಲು ಪಟ್ಟಿ

ಪ್ರಶ್ನೆ: ನಮ್ಮ ಕಾರ್ಖಾನೆಗೆ ಉದ್ಯಮಬಾಗದಲ್ಲೊಂದು, ಮಚ್ಛೆಯಲ್ಲೊಂದು ಘಟಕ ಇದೆ. ಎರಡೂ ಸೇರಿ 26 ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್, ಕೋರ್‌ನಲ್ಲಿ ಎರಡು ನೆಕ್ಸಸ್ ಇವೆ. ಇಲ್ಲಿಯವರೆಗೆ ಪ್ರತಿ ಇಂಟರ್‌ಫೇಸ್‌ಗೆ ಕೈಯಿಂದಲೇ ಒಎಸ್‌ಪಿಎಫ್ (ಸ್ವಿಚ್‌ಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ರೂಟಿಂಗ್ ಪ್ರೋಟೊಕಾಲ್) ಹಾಕಿದ್ದೇವೆ. ಇನ್ನು ಅನ್ಸಿಬಲ್ ಎಂಬ ಆಟೊಮೇಷನ್ ತಂತ್ರಾಂಶದಿಂದ ಮಾಡಬೇಕೆಂದಿದ್ದೇವೆ. ಅದಕ್ಕೆ ಕೆಲಸಗಳನ್ನು ಹೇಳುವ ಫೈಲ್, ಅಂದರೆ ಪ್ಲೇಬುಕ್, ಹೇಗೆ ಬರೆಯಬೇಕು?
(ಬೆಳಗಾವಿಯ ಓದುಗರು)

ಉತ್ತರ: ಪ್ಲೇಬುಕ್ ಆಮೇಲಿರಲಿ. ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆದು ಸಾಲಿಗೊಂದು ಲಿಂಕ್ ಬರೆಯಿರಿ. ಹೆಚ್ಚಿನವರು ಸಾಲಿಗೊಂದು ಇಂಟರ್‌ಫೇಸ್ ಬರೆಯುತ್ತಾರೆ, ಎಡವುವುದೂ ಅಲ್ಲೇ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ಈಚೆ ತುದಿ ಸರಿಯೋ ತಪ್ಪೋ ಎಂಬುದು ಆಚೆ ತುದಿ ನೋಡದೆ ಹೇಳಲಾಗದು. ಸಾಲಿನಲ್ಲಿ ಇಷ್ಟಿರಲಿ: ಎರಡೂ ಕಡೆಯ ಸ್ವಿಚ್ ಹೆಸರು, ಪೋರ್ಟ್ ಮತ್ತು ಐಪಿ, ಆಮೇಲೆ ಇಬ್ಬರಿಗೂ ಸೇರಿದ ಏರಿಯಾ (ಒಎಸ್‌ಪಿಎಫ್ ಜಾಲದ ವಿಭಾಗ), ನೆಟ್‌ವರ್ಕ್ ಟೈಪ್, ಹೆಲೊ (‘ಇದ್ದೇನೆ’ ಎನ್ನುವ ಸಂದೇಶಗಳ ನಡುವಿನ ಅಂತರ), ಡೆಡ್ (ಹೆಲೊ ಬಾರದೆ ಇಷ್ಟು ಹೊತ್ತಾದರೆ ನೆರೆಯದು ಹೋಯಿತೆಂದು ಲೆಕ್ಕ), ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ), ಅಥೆಂಟಿಕೇಷನ್ ಕೀ ನಂಬರ್. ಈ ಜಂಟಿ ಕಾಲಂಗಳನ್ನು ಒಂದೇ ಸಲ ಬರೆದು, ಎರಡೂ ತುದಿಯ ಸೆಟಿಂಗ್ ಅದೇ ಸಾಲಿನಿಂದ ಹುಟ್ಟುವಂತೆ ಮಾಡಿ. ಆಗ ಎರಡು ತುದಿ ಬೇರೆಬೇರೆಯಾಗಲು ದಾರಿಯೇ ಉಳಿಯದು. ಫೈಲನ್ನು ಸಿಎಸ್‌ವಿ ಆಗಿ ಉಳಿಸಿದರೆ ಅನ್ಸಿಬಲ್ ನೇರವಾಗಿ ಓದುತ್ತದೆ.

ತುದಿಗಳು ಹೊಂದದಿದ್ದರೆ ಏನಾಗುತ್ತದೆ ಎಂದು ತಿಳಿದಿದ್ದರೆ ದೋಷ ಹುಡುಕುವುದು ಸುಲಭ. ಏರಿಯಾ, ಹೆಲೊ, ಡೆಡ್, ಅಥೆಂಟಿಕೇಷನ್ ಇವುಗಳಲ್ಲಿ ಯಾವುದೇ ಒಂದು ಬೇರೆಯಾದರೂ ಆಚೆಯ ಸ್ವಿಚ್ ಒಎಸ್‌ಪಿಎಫ್‌ನ ನೆರೆಯವರ ಪಟ್ಟಿಗೇ ಬರುವುದಿಲ್ಲ. ಎಂಟಿಯು ಬೇರೆಯಾದರೆ ಪಟ್ಟಿಗೆ ಬರುತ್ತದೆ, ಆದರೆ ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಹಂತದಲ್ಲೇ ನಿಂತುಬಿಡುತ್ತದೆ. ನೆಕ್ಸಸ್ ಕಡೆ 9216, ಕ್ಯಾಟಲಿಸ್ಟ್ ಕಡೆ 1500 ಇರುವಲ್ಲಿ ಇದು ಮಾಮೂಲು. ‘ಎಂಟಿಯು-ಇಗ್ನೋರ್’ ಹಾಕಿ ದಾಟಿಸಿಬಿಡುವ ಚಟ ಒಳ್ಳೆಯದಲ್ಲ. ನೆರೆತನವೇನೋ ಕೂಡುತ್ತದೆ, ದೊಡ್ಡ ಪ್ಯಾಕೆಟ್‌ಗಳು ಮಾತ್ರ ದಾರಿಯಲ್ಲಿ ಬೀಳುತ್ತಿರುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ನೆಟ್‌ವರ್ಕ್ ಟೈಪ್. ಒಂದು ತುದಿ ಬ್ರಾಡ್‌ಕಾಸ್ಟ್ (ಹಲವರು ಸೇರಬಹುದಾದ ಜಾಲ), ಇನ್ನೊಂದು ಪಾಯಿಂಟ್-ಟು-ಪಾಯಿಂಟ್ (ಇಬ್ಬರದೇ ಲಿಂಕ್) ಆಗಿದ್ದರೂ ಎರಡರ ಡೀಫಾಲ್ಟ್ ಟೈಮರ್ ಒಂದೇ: ಹೆಲೊ 10, ಡೆಡ್ 40 ಸೆಕೆಂಡ್. ಹಾಗಾಗಿ ನೆರೆತನ ‘ಫುಲ್’ (ಪೂರ್ತಿ ಕೂಡಿದೆ) ಎಂದೇ ತೋರಿಸುತ್ತದೆ, ರೂಟ್ ಟೇಬಲ್‌ನಲ್ಲಿ ಮಾತ್ರ ಆ ಕಡೆಯ ರೂಟ್ ಇರುವುದಿಲ್ಲ. ಎರಡು ತುದಿಗಳು ಅದೇ ಲಿಂಕನ್ನು ಎರಡು ಬಗೆಯಾಗಿ ಸಾರುವುದರಿಂದ ಲೆಕ್ಕ ಕೂಡುವುದಿಲ್ಲ. ಸ್ವಿಚ್‌ನಿಂದ ಸ್ವಿಚ್‌ಗೆ ನೇರ ಫೈಬರ್ ಇರುವಲ್ಲೆಲ್ಲ ಎರಡೂ ಕಡೆ ಪಾಯಿಂಟ್-ಟು-ಪಾಯಿಂಟ್ ಹಾಕಿ, /31 (ಎರಡೇ ವಿಳಾಸದ ಸಬ್‌ನೆಟ್) ವಿಳಾಸ ಕೊಡಿ. ಬ್ರಾಡ್‌ಕಾಸ್ಟ್‌ನಲ್ಲಿ ಮುಖ್ಯ ರೌಟರ್ (ಡಿಆರ್), ಅದರ ಬದಲಿ (ಬಿಡಿಆರ್) ಆಯ್ಕೆಯ ರಗಳೆಯೂ ತಪ್ಪುತ್ತದೆ.

ನಿಮ್ಮಲ್ಲಿ ಕ್ಯಾಟಲಿಸ್ಟ್, ನೆಕ್ಸಸ್ ಎರಡೂ ಇರುವುದರಿಂದ ಕಾಸ್ಟ್ ಕಡೆ ಗಮನ ಕೊಡಿ. ದಾರಿ ಆರಿಸಲು ಒಎಸ್‌ಪಿಎಫ್ ಲಿಂಕ್‌ಗೆ ಕೊಡುವ ಅಂಕ ಇದು, ರೆಫರೆನ್ಸ್ ಬ್ಯಾಂಡ್‌ವಿಡ್ತನ್ನು ಲಿಂಕ್ ವೇಗದಿಂದ ಭಾಗಿಸಿದರೆ ಸಿಗುತ್ತದೆ. ಕ್ಯಾಟಲಿಸ್ಟ್‌ನ ಡೀಫಾಲ್ಟ್ ರೆಫರೆನ್ಸ್ ಬ್ಯಾಂಡ್‌ವಿಡ್ತ್ 100 ಎಂಬಿಪಿಎಸ್, ನೆಕ್ಸಸ್‌ನದು 40 ಜಿಬಿಪಿಎಸ್. ಒಂದೇ 1 ಗಿಗಾಬಿಟ್ ಲಿಂಕ್‌ಗೆ ಒಂದು ಕಡೆ ಕಾಸ್ಟ್ 1, ಇನ್ನೊಂದು ಕಡೆ 40. ಕ್ಯಾಟಲಿಸ್ಟ್‌ಗೆ 1 ಗಿಗಾಬಿಟ್ಟೂ 10 ಗಿಗಾಬಿಟ್ಟೂ ಒಂದೇ ಆಗಿ ಕಾಣುತ್ತದೆ. ಎಲ್ಲ ಸ್ವಿಚ್‌ಗಳಲ್ಲೂ ರೆಫರೆನ್ಸನ್ನು 100 ಜಿಬಿಪಿಎಸ್ ಮಾಡಿ. ಆಗ 1 ಗಿಗಾಬಿಟ್‌ಗೆ 100, 10 ಗಿಗಾಬಿಟ್‌ಗೆ 10 ಬರುತ್ತದೆ. ಅರ್ಧ ಸ್ವಿಚ್‌ಗೆ ಹಾಕಿ ಅರ್ಧ ಬಿಟ್ಟರೆ ಈಗಿರುವುದಕ್ಕಿಂತ ಕೆಟ್ಟದಾಗುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸಿ.

ಪಟ್ಟಿ ಆದ ಮೇಲೆ ಪ್ಲೇಬುಕ್. ಮೊದಲ ಓಟದಲ್ಲಿ ಏನನ್ನೂ ಬರೆಯಬೇಡಿ. ಒಎಸ್‌ಪಿಎಫ್-ಇಂಟರ್‌ಫೇಸಸ್ ಮಾಡ್ಯೂಲನ್ನು ‘ಗ್ಯಾದರ್ಡ್’ ಸ್ಟೇಟ್‌ನಲ್ಲಿ ಓಡಿಸಿ, ಸ್ವಿಚ್‌ನಲ್ಲಿ ಇದ್ದದ್ದನ್ನು ಪಟ್ಟಿಗೆ ಹೋಲಿಸಿ. ಹೊಂದದ ಕಡೆ ಪಟ್ಟಿಯೇ ಸರಿ ಎಂದುಕೊಳ್ಳುವಂತಿಲ್ಲ. ಯಾರೋ ಕಾರಣವಿದ್ದೇ ಒಂದು ಲಿಂಕ್‌ನ ಕಾಸ್ಟ್ ಬದಲಿಸಿರಬಹುದು.

ಬರೆಯುವಾಗ ‘ಮರ್ಜ್ಡ್’ ಸ್ಟೇಟ್‌ನಿಂದ ಆರಂಭಿಸಿ. ಅದು ಇದ್ದದ್ದರ ಮೇಲೆ ಸೇರಿಸುತ್ತದೆ, ತೆಗೆಯುವುದಿಲ್ಲ. ‘ರಿಪ್ಲೇಸ್ಡ್’ ಹಾಕಿದರೆ ನೀವು ಹೆಸರಿಸಿದ ಇಂಟರ್‌ಫೇಸ್‌ನಲ್ಲಿ ಹೇಳದೇ ಬಿಟ್ಟದ್ದೆಲ್ಲ ಹೋಗುತ್ತದೆ. ಕೀ ಬರೆಯಲು ಮರೆತಿರೋ, ಕೀ ಅಳಿಸಿತು. ‘ಓವರ್‌ರಿಡನ್’ ಅಂತೂ ಪಟ್ಟಿಯಲ್ಲಿಲ್ಲದ ಎಲ್ಲ ಇಂಟರ್‌ಫೇಸ್‌ಗಳ ಒಎಸ್‌ಪಿಎಫ್ ತೆಗೆಯುತ್ತದೆ. ಅನ್ಸಿಬಲ್ ಒಳಗೆ ಬಂದ ದಾರಿಯೂ ಅದರಲ್ಲಿ ಸೇರಬಹುದು. ಪಟ್ಟಿ ಪೂರ್ತಿಯಾಗಿದೆ ಎಂದು ಖಾತ್ರಿಯಾಗುವವರೆಗೆ ಅದರ ತಂಟೆಗೆ ಹೋಗಬೇಡಿ.

ಈ ಮಾಡ್ಯೂಲ್ ಮಾಡದ ಕೆಲಸಗಳೂ ಇವೆ. ಕ್ಯಾಟಲಿಸ್ಟ್ ಪೋರ್ಟ್‌ಗೆ ‘ನೋ ಸ್ವಿಚ್‌ಪೋರ್ಟ್’ ಮತ್ತು ಐಪಿ, ನೆಕ್ಸಸ್‌ಗೆ ‘ಫೀಚರ್ ಒಎಸ್‌ಪಿಎಫ್’ ಬೇರೆ ಟಾಸ್ಕ್‌ಗಳಾಗಿ ಮೊದಲೇ ಬರಬೇಕು. ಪ್ಯಾಸಿವ್ (ಹೆಲೊ ಕಳಿಸದೆ, ನೆಟ್‌ವರ್ಕನ್ನು ಮಾತ್ರ ಸಾರುವ) ಸೆಟಿಂಗ್ ನೆಕ್ಸಸ್‌ನಲ್ಲಿ ಇಂಟರ್‌ಫೇಸ್ ಕೆಳಗಿದೆ. ಕ್ಯಾಟಲಿಸ್ಟ್‌ನಲ್ಲಿ ಅದು ರೌಟರ್ ಒಎಸ್‌ಪಿಎಫ್ ಕೆಳಗೆ ಇರುವುದರಿಂದ ಒಎಸ್‌ಪಿಎಫ್‌ವಿ2 ಮಾಡ್ಯೂಲ್ ಬೇಕು. ಬಳಕೆದಾರರ ವಿಎಲ್ಯಾನ್‌ಗಳೆಲ್ಲ ಪ್ಯಾಸಿವ್ ಆಗಿರಲಿ. ರೌಟರ್-ಐಡಿಯನ್ನು (ಒಎಸ್‌ಪಿಎಫ್‌ನಲ್ಲಿ ಸ್ವಿಚ್‌ನ ಗುರುತು) ಪ್ರತಿ ಸ್ವಿಚ್‌ಗೂ ಪಟ್ಟಿಯಿಂದಲೇ ಕೊಡಿ. ಟೆಂಪ್ಲೇಟ್ ನಕಲು ಮಾಡುವಾಗ ಒಂದೇ ಐಡಿ ಎರಡು ಸ್ವಿಚ್‌ಗೆ ಹೋದರೆ, ಅವು ಪಕ್ಕಪಕ್ಕದಲ್ಲಿದ್ದಾಗ ನೆರೆತನ ಕೂಡುವುದಿಲ್ಲ. ದೂರದಲ್ಲಿದ್ದರೆ ರೂಟ್‌ಗಳು ಬಂದು ಹೋಗುತ್ತ ಕಾಡುತ್ತವೆ.

ಹಳೆಯ ‘ನೆಟ್‌ವರ್ಕ್’ ಸಾಲುಗಳು ಕ್ಯಾಟಲಿಸ್ಟ್‌ನಲ್ಲಿ ಉಳಿದಿದ್ದರೆ ಗಾಬರಿ ಬೇಡ. ಇಂಟರ್‌ಫೇಸ್ ಮೇಲೆ ಬರೆದದ್ದೇ ಗೆಲ್ಲುತ್ತದೆ. ಎಲ್ಲ ಇಂಟರ್‌ಫೇಸ್‌ಗಳೂ ಹೊಸ ಕ್ರಮಕ್ಕೆ ಬಂದ ಮೇಲೆ ಅವನ್ನು ತೆಗೆಯಿರಿ.

ಪ್ರಶ್ನೆ: ಸರ್, ವಿಜಯಪುರದ ಮುಖ್ಯ ಕಚೇರಿಯಿಂದ ಇಂಡಿ, ಸಿಂದಗಿ ಶಾಖೆಗಳ ಸ್ವಿಚ್‌ಗೆ ಹೆಲೊ ಟೈಮರ್ 10 ಇದ್ದದ್ದು 5 ಮಾಡೋ ಪ್ಲೇಬುಕ್ ಓಡಿಸಿದ್ವಿ. ಚೆಕ್ ಟಾಸ್ಕ್ ಎಲ್ಲಾ ‘ಫುಲ್’ ಅಂತ ತೋರಿಸ್ತು. ಅರ್ಧ ನಿಮಿಷ ಬಿಟ್ಟು ಸಿಂದಗಿ ಪೂರ್ತಿ ಹೋತ್ರಿ. ಹಿಂಗ್ಯಾಕ ಆತು?
(ವಿಜಯಪುರದ ಓದುಗರು)

ಉತ್ತರ: ನಿಮ್ಮ ಚೆಕ್ ನೋಡಿದ್ದು ಹಳೆಯ ಸ್ಥಿತಿ. ಟೈಮರ್ ಹೊಂದದಿದ್ದರೆ ಸ್ವಿಚ್ ಬಂದ ಹೆಲೊಗಳನ್ನು ಬಿಸಾಡುತ್ತದೆ. ಆದರೆ ನೆರೆತನ ಕೂಡಲೇ ಮುರಿಯುವುದಿಲ್ಲ, ಡೆಡ್ ಟೈಮರ್ ತೀರುವವರೆಗೆ ‘ಫುಲ್’ ಎಂದೇ ತೋರಿಸುತ್ತಿರುತ್ತದೆ. ‘ಅನ್‌ಟಿಲ್’ ಹಾಕಿ ಮತ್ತೆ ಮತ್ತೆ ನೋಡುವ ಟಾಸ್ಕ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಮೊದಲ ನೋಟದಲ್ಲೇ ಪಾಸ್ ಆಗಿಬಿಡುತ್ತದೆ. ಬದಲಾವಣೆ ಆದ ಮೇಲೆ 60 ಸೆಕೆಂಡ್ ಕಾಯುವ ‘ಪಾಜ್’ (pause) ಟಾಸ್ಕ್ ಇಟ್ಟು, ಆಮೇಲೆ ಚೆಕ್ ಮಾಡಿ. ‘ಫುಲ್’ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಆ ಸ್ವಿಚ್‌ಗೆ ಪಟ್ಟಿಯ ಪ್ರಕಾರ ಎಷ್ಟು ನೆರೆಯವರು ಇರಬೇಕೋ ಅಷ್ಟೇ ಇದ್ದಾರೆಯೇ ಎಂದು ಎಣಿಸಿ. ಜೊತೆಗೆ ಶಾಖೆಯ ಒಂದು ರೂಟ್ ಟೇಬಲ್‌ನಲ್ಲಿದೆಯೇ ನೋಡಿ.

ಮೂಲ ತಪ್ಪು ಎರಡು ಕಡೆ ಇರಬಹುದು. ಐಒಎಸ್‌ನಲ್ಲಿ (ಕ್ಯಾಟಲಿಸ್ಟ್‌ನಂಥ ಸಿಸ್ಕೊ ಸ್ವಿಚ್‌ಗಳ ತಂತ್ರಾಂಶ) ಹೆಲೊ 5 ಮಾಡಿದರೆ ಡೆಡ್ ತಾನಾಗಿ ಅದರ ನಾಲ್ಕು ಪಟ್ಟು, ಅಂದರೆ 20 ಆಗುತ್ತದೆ. ಆದರೆ ಸಿಂದಗಿಯಲ್ಲಿ ಯಾರಾದರೂ ಡೆಡ್ 40 ಎಂದು ಬಿಡಿಸಿ ಬರೆದಿದ್ದರೆ ಅದು 40 ಆಗಿಯೇ ಉಳಿಯುತ್ತದೆ, ಎರಡು ತುದಿ ಹೊಂದುವುದಿಲ್ಲ. ಇಂಡಿ ಉಳಿದು ಸಿಂದಗಿ ಮಾತ್ರ ಹೋಗಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ. ಎರಡನ್ನೂ ಯಾವಾಗಲೂ ಒಟ್ಟಿಗೆ ಬರೆಯಿರಿ.

ಇನ್ನೊಂದು, ಓಡಿಸಿದ ಕ್ರಮ. ಹತ್ತಿರದ ಸ್ವಿಚ್ ಮೊದಲು ಬದಲಿಸಿ, ದೂರದ್ದಕ್ಕೆ ಹೋಗುವಷ್ಟರಲ್ಲಿ ಲಾಗಿನ್ ತಡವಾದರೆ ದಾರಿಯೇ ಮುಚ್ಚಿರುತ್ತದೆ. ಯಾವಾಗಲೂ ದೂರದ ತುದಿ ಮೊದಲು, ಹತ್ತಿರದ್ದು ಆಮೇಲೆ. ‘ಸೀರಿಯಲ್ 1’ ಹಾಕಿ, ಇನ್ವೆಂಟರಿಯನ್ನು ಇದೇ ಕ್ರಮದಲ್ಲಿ ಬರೆಯಿರಿ. ಆದರೆ 60 ಸೆಕೆಂಡಿನ ಚೆಕ್ ಎರಡೂ ತುದಿ ಮುಗಿದ ಮೇಲೆ ಬೇರೆ ಪ್ಲೇ ಆಗಿ ಬರಲಿ, ನಡುವೆ ನಿಲ್ಲಿಸಿದರೆ ನೀವೇ ನೆರೆತನ ಮುರಿದಂತೆ. ಒಂದು ಶಾಖೆ ಪೂರ್ತಿ ಮುಗಿದ ಮೇಲೆ ಮುಂದಿನ ಶಾಖೆ ಮುಟ್ಟಿ.

ಇನ್ನೊಂದು ವಿಷಯದಲ್ಲೂ ಹುಷಾರಾಗಿರಿ. ಅನ್ಸಿಬಲ್ ಕಮಾಂಡ್‌ಗಳನ್ನು ಒಂದೊಂದೇ ಸಾಲಾಗಿ ಕಳಿಸುತ್ತದೆ. ನೆಟ್‌ವರ್ಕ್ ಟೈಪ್ ಬದಲಿಸುವುದು ಅಥವಾ ‘ಪ್ಯಾಸಿವ್-ಇಂಟರ್‌ಫೇಸ್ ಡೀಫಾಲ್ಟ್’ ಹಾಕುವುದು ನೆರೆತನವನ್ನು ಆ ಕ್ಷಣಕ್ಕೇ ಕಡಿಯುತ್ತದೆ. ಮೊದಲ ಸಾಲಿಗೇ ದಾರಿ ಹೋದರೆ, ಅದನ್ನು ಸರಿಪಡಿಸಬೇಕಿದ್ದ ಎರಡನೇ ಸಾಲು ಸ್ವಿಚ್ ತಲುಪುವುದೇ ಇಲ್ಲ. ಅಂಥ ಬದಲಾವಣೆಗೆ ಎಲ್ಲ ಸಾಲುಗಳನ್ನೂ ಒಂದು ಫೈಲ್‌ನಲ್ಲಿಟ್ಟು ದೂರದ ಸ್ವಿಚ್‌ನ ಫ್ಲ್ಯಾಶ್‌ಗೆ ಹಾಕಿ, ಅಲ್ಲಿಂದ ರನ್ನಿಂಗ್-ಕಾನ್ಫಿಗ್‌ಗೆ (ಸದ್ಯ ನಡೆಯುತ್ತಿರುವ ಸೆಟಿಂಗ್) ಕಾಪಿ ಮಾಡಿ. ಆಗ ಸ್ವಿಚ್ ಅದನ್ನು ತನ್ನೊಳಗೇ ಕೊನೆಯ ಸಾಲಿನವರೆಗೆ ಓದಿ ಮುಗಿಸುತ್ತದೆ.

ಶಾಶ್ವತ ರಕ್ಷಣೆಗೆ ಫ್ಲೋಟಿಂಗ್ ಸ್ಟ್ಯಾಟಿಕ್ ರೂಟ್ ಹಾಕಿ. ಮುಖ್ಯ ಕಚೇರಿಯಲ್ಲಿ ಸಿಂದಗಿಯ ಲೂಪ್‌ಬ್ಯಾಕ್ ವಿಳಾಸಕ್ಕೆ, ಸಿಂದಗಿಯಲ್ಲಿ ನಿಮ್ಮ ಅನ್ಸಿಬಲ್ ಸರ್ವರ್ ಇರುವ ಸಬ್‌ನೆಟ್‌ಗೆ, ಲಿಂಕ್‌ನ ಎದುರು ತುದಿಯ ಐಪಿ ಮೂಲಕ, ಡಿಸ್ಟನ್ಸ್ 250 (ಈ ಸಂಖ್ಯೆ ಕಡಿಮೆ ಇರುವ ರೂಟ್‌ಗೇ ಆದ್ಯತೆ). ಒಎಸ್‌ಪಿಎಫ್‌ನ ಡಿಸ್ಟನ್ಸ್ 110 ಆದ್ದರಿಂದ ಎಲ್ಲ ಸರಿ ಇರುವಾಗ ಈ ರೂಟ್ ಸುಮ್ಮನಿರುತ್ತದೆ, ಒಎಸ್‌ಪಿಎಫ್ ಬಿದ್ದಾಗ ತಾನು ಮುಂದೆ ಬರುತ್ತದೆ. ನಡುವೆ ಬೇರೆ ರೌಟರ್ ಇದ್ದರೆ ಅಲ್ಲಿಯೂ ಬೇಕು. ಎರಡು ಸಾಲಿನ ಕೆಲಸ, ಸಿಂದಗಿಗೆ ಬಸ್ ಹತ್ತುವುದು ತಪ್ಪುತ್ತದೆ.

ಓಡಿಸುವ ಮೊದಲು ಸ್ವಿಚ್‌ನ ಆಗಿನ ಕಾನ್ಫಿಗ್ ಸೇವ್ ಮಾಡಿ, ಆಮೇಲೆ ‘ರೀಲೋಡ್ ಇನ್ 10’ ಕೊಡಿ. ಎಲ್ಲ ಸರಿಯಾದರೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆ ಸೇವ್. ದಾರಿ ಹೋದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಹಳೆಯ ಕಾನ್ಫಿಗ್‌ನಲ್ಲಿ ಎದ್ದು ಬರುತ್ತದೆ. ಈ ಕಮಾಂಡ್ ಖಚಿತಪಡಿಸಲು ಕೇಳುವುದರಿಂದ ಟಾಸ್ಕ್‌ನಲ್ಲಿ ಪ್ರಾಂಪ್ಟ್ ಮತ್ತು ಉತ್ತರ ಎರಡನ್ನೂ ಬರೆಯಬೇಕು. ಸೇವ್ ಟಾಸ್ಕ್ ಮಧ್ಯದಲ್ಲೆಲ್ಲೂ ಇರಬಾರದು, ಇದ್ದರೆ ರೀಲೋಡ್ ಆದ ಸ್ವಿಚ್ ತಪ್ಪು ಸೆಟಿಂಗ್‌ನಲ್ಲೇ ಎದ್ದೇಳುತ್ತದೆ. ನೆಕ್ಸಸ್‌ನಲ್ಲಿ ಇದರ ಬದಲು ಚೆಕ್‌ಪಾಯಿಂಟ್ ಮಾಡಿಟ್ಟುಕೊಂಡು ರೋಲ್‌ಬ್ಯಾಕ್ ಮಾಡಬಹುದು.

ಕೇಳದಿದ್ದರೂ ಒಂದು ಮಾತು: ಲಿಂಕ್ ಬಿದ್ದದ್ದು ಬೇಗ ಗೊತ್ತಾಗಲಿ ಎಂದು ಹೆಲೊ ಇಳಿಸುತ್ತಿದ್ದರೆ, ಆ ಕೆಲಸಕ್ಕೆ ಬಿಎಫ್‌ಡಿ ಇದೆ. ಎರಡೂ ತುದಿಯ ಸ್ವಿಚ್‌ಗಳಲ್ಲಿ ಅದು ಇದ್ದರೆ ಹೆಲೊವನ್ನು 10ಕ್ಕೇ ಬಿಡಿ.

ಪ್ರಶ್ನೆ: ಏನೂ ಬದಲಿಸದಿದ್ದರೂ ಪ್ಲೇಬುಕ್ ಓಡಿಸಿದಾಗಲೆಲ್ಲ ‘ಚೇಂಜ್ಡ್’ ಎಂದು ಬರುತ್ತದೆ. ಇದನ್ನು ಹಾಗೇ ಬಿಡಬಹುದೇ?
(ಬಾಗಲಕೋಟೆ ವಿದ್ಯಾಗಿರಿಯ ಓದುಗರು)

ಉತ್ತರ: ಬಿಡಬೇಡಿ. ನಿಜವಾದ ಬದಲಾವಣೆ ಬಂದ ದಿನ ಅದು ಈ ಗದ್ದಲದಲ್ಲಿ ಕಾಣದೇ ಹೋಗುತ್ತದೆ. ‘ಚೆಕ್’ ಮತ್ತು ‘ಡಿಫ್’ ಆಯ್ಕೆ ಹಾಕಿ ಓಡಿಸಿ, ಯಾವ ಸಾಲು ಪ್ರತಿ ಸಲ ಬರುತ್ತದೆ ನೋಡಿ.

ಐಒಎಸ್-ಕಾನ್ಫಿಗ್ ಮಾಡ್ಯೂಲ್ ಬಳಸುತ್ತಿದ್ದರೆ ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಕಮಾಂಡ್ ಅನ್ನಾಗಲಿ ಇಂಟರ್‌ಫೇಸ್ ಹೆಸರನ್ನಾಗಲಿ ಮೊಟಕು ಮಾಡಿ ಬರೆದಿದ್ದರೆ ರನ್ನಿಂಗ್-ಕಾನ್ಫಿಗ್‌ನಲ್ಲಿ ಅದು ಸಿಗುವುದಿಲ್ಲ, ಮತ್ತೆ ಬರೆಯುತ್ತದೆ. ‘ಗಿಗಾಬಿಟ್‌ಈಥರ್ನೆಟ್ 1/0/1’ ಎಂದು ಸ್ವಿಚ್ ತೋರಿಸುವಂತೆಯೇ ಪೂರ್ತಿ ಬರೆಯಿರಿ. ‘ನೋ ಶಟ್‌ಡೌನ್’ ಥರದ ಸಾಲು ರನ್ನಿಂಗ್-ಕಾನ್ಫಿಗ್‌ನಲ್ಲಿ ಕಾಣುವುದೇ ಇಲ್ಲ, ಹಾಗಾಗಿ ಅದೂ ಪ್ರತಿ ಸಲ ‘ಚೇಂಜ್ಡ್’. ನೆಕ್ಸಸ್‌ನಲ್ಲಿ ಏರಿಯಾ 0 ಎಂದು ಕೊಟ್ಟದ್ದು 0.0.0.0 ಆಗಿ ಉಳಿಯುತ್ತದೆ, ಪಟ್ಟಿಯಲ್ಲೂ ಹಾಗೆಯೇ ಬರೆಯಿರಿ. ಅಥೆಂಟಿಕೇಷನ್ ಕೀಯನ್ನು ಸ್ವಿಚ್ ಎನ್‌ಕ್ರಿಪ್ಟ್ ಮಾಡಿ ಇಟ್ಟುಕೊಂಡಿದ್ದರೆ ನೀವು ಕೊಟ್ಟ ಸಾದಾ ಪಠ್ಯಕ್ಕೆ ಅದು ಎಂದೂ ಹೊಂದುವುದಿಲ್ಲ. ಕೀ ಟಾಸ್ಕನ್ನು ಬೇರೆ ಮಾಡಿ, ಟ್ಯಾಗ್ ಹಾಕಿ, ಕೀ ಬದಲಿಸುವ ದಿನ ಮಾತ್ರ ಓಡಿಸಿ. ಕೀ ಅನ್ಸಿಬಲ್ ವಾಲ್ಟ್‌ನಲ್ಲಿರಲಿ, ಟಾಸ್ಕ್‌ಗೆ ‘ನೋ-ಲಾಗ್’ ಇರಲಿ.

ಕೀ ಬದಲಿಸುವಾಗ ಹಳೆಯದನ್ನು ಮೊದಲೇ ಅಳಿಸಬೇಡಿ. ಎಂಡಿ5 ಅಥೆಂಟಿಕೇಷನ್ ಇರುವ ಐಒಎಸ್ ಸ್ವಿಚ್‌ಗಳಲ್ಲಿ ಹೊಸ ಕೀಯನ್ನು ಬೇರೆ ನಂಬರ್‌ನಲ್ಲಿ ಎರಡೂ ತುದಿಗೆ ಸೇರಿಸಿ. ನೆರೆಯವರೆಲ್ಲ ಹೊಸದಕ್ಕೆ ಬರುವವರೆಗೆ ಸ್ವಿಚ್ ಎರಡೂ ಕೀಯಲ್ಲಿ ಪ್ಯಾಕೆಟ್ ಕಳಿಸುತ್ತದೆ, ಲಿಂಕ್ ಅಲುಗದು. ‘ಶೋ ಐಪಿ ಒಎಸ್‌ಪಿಎಫ್ ಇಂಟರ್‌ಫೇಸ್’ನಲ್ಲಿ ಹೊಸ ಕೀ ನಂಬರ್ ಬಂದು, ರೋಲ್‌ಓವರ್ ನಡೆಯುತ್ತಿದೆ ಎಂಬ ಸಾಲು ಹೋದ ಮೇಲೆ ಹಳೆಯದನ್ನು ತೆಗೆಯಿರಿ.